ಎರಡು ಎತ್ತರದಲ್ಲಿ ಸವೆದ ಟೈರು

ಅಕ್ಕನ ಫೋನು ಬಂದರೆ ಸಿಗ್ನಲ್ ಇಲ್ಲ ಎನ್ನುವ ನನ್ನ ಒಬ್ಬನೇ ತಮ್ಮನಿಗೆ,

ಮೊದ್ದು, ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನು ಮಾಡಿದರೆ ನೀನು ಎರಡನೇ ಪ್ರಶ್ನೆಗೇ "ಅಕ್ಕಾ, ಇನ್ನೊಂದು ಕಾಲ್ ಬರ್ತಿದೆ" ಎಂದು ಜಾರಿಕೊಳ್ಳುತ್ತೀಯ. ಎದುರಿಗೆ ಕೂರಿಸಿಕೊಂಡು ಕೇಳಿದರೆ "ಇದೇನು ಪೊಲೀಸ್ ಠಾಣೆಯಾ?" ಎನ್ನುತ್ತೀಯ. ಕಾಗದವಾದರೆ ನೀನು ನಡುವೆ ಕತ್ತರಿಸುವಂತಿಲ್ಲ, ನಾನೂ ನಡುವೆ ಕಿರುಚುವಂತಿಲ್ಲ. ವಿಷಯ ನಿನ್ನ ಕಾರಿನ ಮುಂದಿನ ಎರಡು ಟೈರುಗಳದ್ದು. ಅಲ್ಲಿಂದ ಶುರುವಾಗಿ ಅಮ್ಮನವರೆಗೆ ಹೋಗುತ್ತದೆ. ಈಗ ನಿನ್ನ ಎದೆ ಧಸಕ್ಕೆಂದಿರಬೇಕು. ಅನ್ನಲಿ. ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದವನಿಗೆ ಅಷ್ಟಾದರೂ ಆಗಬೇಡವೇ?

ಶೋಕಿಗೆಂದು ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿಕೊಂಡು ನೀನು ಮೊದಲ ಸಲ, ಚಕ್ರಗಳನ್ನು ನೇರ ಕೂರಿಸುವ ನನ್ನ ಅಲೈನ್‌ಮೆಂಟ್ ಶೆಡ್ಡಿಗೆ ಬಂದ ದಿನವನ್ನು ಹೇಗೆ ಮರೆಯಲಿ? ಬಾಗಿಲ ಬಳಿಯ ಸಣ್ಣ ಉಬ್ಬನ್ನು ದಾಟಲಾಗದೆ ಕಾರನ್ನು ಓರೆ ಮಾಡಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನುಗ್ಗಿಸಿದೆ. ಅಷ್ಟು ಮಾಡಿದರೂ ಅದರ ಹೊಟ್ಟೆ ನೆಲಕ್ಕೆ ಗೀರಿತು. ಆ ಸದ್ದಿಗೆ ಪಕ್ಕದ ಪೇಂಟ್ ಅಂಗಡಿಯವನು ಹೊರಗೆ ಬಂದು ನೋಡಿದ. ನೀನು ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಇಳಿದು, "ಹೇಗಿದೆ ಅಕ್ಕ?" ಎಂದೆ. ಇಳಿದೆ ಎನ್ನುವುದೂ ತಪ್ಪೇ, ನೆಲದಿಂದ ಎದ್ದೆ. ಅಮ್ಮ ಮೇಲಿನ ಮನೆಯ ಕಿಟಕಿಯಿಂದ ಇಣುಕಿ, "ಅದರಲ್ಲಿ ಕೂರೋಕೆ ಮೊದ್ಲು ಮಲಗ್ಬೇಕಲ್ಲೋ! ನನ್ನ ಮಂಡಿಗೆ ಅದು ಆಗದ ಮಾತು, ನನ್ನ ಕರೀಲೇಬೇಡ" ಎಂದಳು. ನಾವು ಮೂವರೂ ನಕ್ಕೆವು. ಆ ಮಾತನ್ನು ನಾನು ಆಗಲೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು.

ಕಾರನ್ನು ಎತ್ತಿ, ಚಕ್ರ ತಿರುಗಿಸಿ ನೋಡಿದರೆ ನನ್ನ ನಗು ಹಾರಿಹೋಯಿತು. ಹೊರಗಿನ ಅಂಚು ಅಂಗಡಿಯಿಂದ ಈಗ ತಂದ ಹಾಗೆ, ಒಳಗಿನ ಅಂಚು ಬೋಳು ಬೋಳು. ಬಲಗಡೆಯ ಟೈರಿನಲ್ಲಂತೂ ತಂತಿ ಇಣುಕುತ್ತಿತ್ತು. ಹೆದ್ದಾರಿಯಲ್ಲಿ ಒಡೆದಿದ್ದರೆ ನಿನ್ನ ಶೋಕಿ ಅಲ್ಲಿಗೇ ಮುಗಿಯುತ್ತಿತ್ತು. ಕಾರು ತಗ್ಗಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಮುಖ ಸೊಟ್ಟಗೆ ತಿರುಗುತ್ತದೆ. ಅದನ್ನು ಸರಿಮಾಡಿಸದೆ ಓಡಿಸಿದರೆ ಟೈರು ಉರುಳುವ ಬದಲು ರಸ್ತೆಗೆ ಉಜ್ಜಿಕೊಂಡು ಹೋಗುತ್ತದೆ. ಇದೆಲ್ಲ ಈ ಶೆಡ್ಡಿನಲ್ಲೇ ಆಡಿ ಬೆಳೆದ ನಿನಗೆ ಹೇಳಿಕೊಡಬೇಕೇ? "ಸ್ಪ್ರಿಂಗ್ ಹಾಕ್ದವನು ಅಲೈನ್‌ಮೆಂಟ್ ಮಾಡ್ಸು ಅಂತ ಬಾಯಿಬಿಟ್ಟು ಹೇಳ್ಲಿಲ್ವಾ?" ಎಂದೆ. "ಹೇಳಿದ್ರು, ನಾನೇ ಉದಾಸೀನ ಮಾಡ್ದೆ" ಎಂದೆ ನೀನು. ನಾನು ನಂಬಲಿಲ್ಲ. ಒಳ್ಳೇ ಕಾರುಗಳನ್ನು ನೆಲಕ್ಕೆ ಒರಗಿಸಿ ಕಳಿಸುವವನು ಬುದ್ಧಿ ಬೇರೆ ಹೇಳುತ್ತಾನೆಯೇ? ಊರಾಚೆ ರೈಲು ಹಳಿಯ ಪಕ್ಕ ಅಂಗಡಿ ಇಟ್ಟಿರುವ ಆ ಮನುಷ್ಯನಿಗೆ, ಮುಖವನ್ನೇ ನೋಡದೆ, 'ತಗ್ಗಪ್ಪ' ಎಂದು ಹೆಸರಿಟ್ಟೆ. ಅಮ್ಮನ ಎದುರಿಗೂ ಹಾಗೇ ಕರೆದೆ. ಊಟ ಮಾಡುವಾಗ, ತೊಳೆಯುವಾಗ, ಒರೆಸುವಾಗ, ಸಿಕ್ಕ ಸಿಕ್ಕಲ್ಲೆಲ್ಲ ಅವನಿಗೆ ಬೈದೆ. ಒಂದು ದಿನ ಅಮ್ಮ, "ನೋಡ್ದೇ ಇರೋ ಮನುಷ್ಯನ್ನ ಎಷ್ಟು ಅಂತ ಬೈತೀಯೇ?" ಎಂದಳು. ಅವಳಿಗೆ ಎಲ್ಲರ ಮೇಲೂ ಕನಿಕರ ಎಂದುಕೊಂಡು ಸುಮ್ಮನಾದೆ.

ನಮ್ಮ ಶೆಡ್ಡಿನ ಪದ್ಧತಿ ನಿನಗೆ ಗೊತ್ತು. ಖಾಲಿ ಕಾರಿಗೆ ಅಪ್ಪ ಅಲೈನ್‌ಮೆಂಟ್ ಮಾಡುತ್ತಿರಲಿಲ್ಲ. ಕೆಲವರು ಸೀಟಿನ ಮೇಲೆ ಮರಳು ಚೀಲ ಇಡುತ್ತಾರೆ, ಬಹಳ ಮಂದಿ ಅದನ್ನೂ ಇಡುವುದಿಲ್ಲ. ಅಪ್ಪನಿಗೆ ಮಾತ್ರ ಓಡಿಸುವವನೇ ಸೀಟಿನಲ್ಲಿ ಕೂರಬೇಕು, ಎರಡೂ ಕೈ ಸ್ಟಿಯರಿಂಗ್ ಮೇಲಿರಬೇಕು, ಅಳತೆ ಮುಗಿಯುವವರೆಗೆ ಅಲುಗಬಾರದು. "ಕಾರು ಖಾಲಿ ಓಡಲ್ಲ, ಆಳನ್ನ ಹೊತ್ಕೊಂಡು ಓಡುತ್ತೆ" ಎನ್ನುತ್ತಿದ್ದ. ಅಪ್ಪ ತೀರಿಕೊಂಡ ಮೇಲೂ ನಾನು ಅದನ್ನು ಬಿಟ್ಟಿಲ್ಲ. ಇದರಲ್ಲಿ ನನಗೊಂದು ಸ್ವಂತ ಲಾಭವೂ ಇದೆ. ಅಲುಗದೆ ಕೂರಬೇಕಾದ ಮನುಷ್ಯನನ್ನು ಏನು ಬೇಕಾದರೂ ಕೇಳಬಹುದು, ಎದ್ದು ಹೋಗುವಂತಿಲ್ಲ. ಆ ದಿನ ನಿನ್ನ ಕೆಲಸ, ಸಾಲ, ಹೆಂಡತಿಯ ಜೊತೆಗಿನ ಮುನಿಸು ಎಲ್ಲ ಕೇಳಿ ತಿಳಿದುಕೊಂಡೆ. ಹೊಸ ಟೈರು ಹಾಕಿ, ತಗ್ಗಿದ ಎತ್ತರಕ್ಕೇ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಅಳತೆ ಕೂರಿಸಿದೆ. ಇನ್ನು ಟೈರು ಸವೆದರೆ ನನ್ನ ಹೆಸರು ಬದಲಿಸು ಎಂದು ಎದೆ ತಟ್ಟಿಕೊಂಡು ಕಳಿಸಿದ್ದೆ.

ಬೇಸಿಗೆ ಮುಗಿಯುವ ಮೊದಲೇ ನೀನು ಮತ್ತೆ ಬಂದೆ. ಮುಖ ಹುಳ್ಳಗಿತ್ತು. "ಅಕ್ಕಾ, ಟೈರು ಯಾಕೋ ಗುಂಯ್ ಅಂತಿದೆ" ಎಂದೆ. ಕೈ ಆಡಿಸಿ ನೋಡಿದೆ. ಮೊದಲಿನ ಸವೆತ ಅದಾಗಿರಲಿಲ್ಲ. ಟೈರಿನ ಮೇಲೆ ಒಂದು ಕಡೆಯಿಂದ ಕೈ ಎಳೆದರೆ ನುಣುಪು, ಆ ಕಡೆಯಿಂದ ಈ ಕಡೆಗೆ ಎಳೆದರೆ ಗರಗಸದ ಹಲ್ಲು. ತಗ್ಗಿದ ಎತ್ತರದಲ್ಲಿ ನಾನು ಕೂರಿಸಿದ ಅಳತೆಗೆ ಆ ಹಲ್ಲು ಬರುವ ಹಾಗೇ ಇಲ್ಲ. ಅಳತೆ ಕೂರಿಸಿದ ಮೇಲೆ ಕಾರನ್ನು ಏರಿಸಿ, ಚಕ್ರ ಸೊಟ್ಟಗೆ ನಿಂತ ಹಾಗೇ ದೂರ ದೂರ ಓಡಿಸಿದರೆ ಮಾತ್ರ ಬರುತ್ತದೆ. ಒಳ ಅಂಚಿನಲ್ಲಿ ತಗ್ಗಿದ ಕಾರಿನ ಸವೆತ, ಮೇಲೆಲ್ಲ ಎತ್ತರದ ಕಾರಿನ ಸವೆತ. ಒಂದೇ ಟೈರು ಎರಡು ಎತ್ತರದಲ್ಲಿ ಬಾಳಿತ್ತು.

ನಾನು ಯಾರನ್ನೂ ನಂಬುವವಳಲ್ಲ ಎಂದು ಊರಿಗೆಲ್ಲ ಗೊತ್ತು. ಮದುವೆಯಾಗುತ್ತೇನೆಂದು ಬಂದ ಇಬ್ಬರನ್ನು ಅವರ ಕಾರಿನ ಟೈರು ನೋಡಿಯೇ ಬೇಡವೆಂದವಳು. ಒಬ್ಬ ತಿರುವಿನಲ್ಲಿ ಬ್ರೇಕ್ ಒತ್ತುವ ಪುಕ್ಕಲ, ಇನ್ನೊಬ್ಬ ಗಾಳಿ ಕೂಡ ಹಾಕಿಸದ ಸೋಮಾರಿ. ಆದರೂ ಈ ಸಲ ಮೊದಲು ಅನುಮಾನ ಪಟ್ಟದ್ದು ನನ್ನ ಮೇಲೆಯೇ. ನಮ್ಮ ಯಂತ್ರವೇ ಸುಳ್ಳು ಹೇಳುತ್ತಿದೆಯೇನೋ ಎಂದು ಪೇಂಟ್ ಅಂಗಡಿಯವನ ವ್ಯಾನನ್ನು ಹತ್ತಿಸಿ ನೋಡಿದೆ, ತಿರುಗಿಸಿ ಹತ್ತಿಸಿ ನೋಡಿದೆ. ಯಂತ್ರ ಸರಿಯಾಗಿತ್ತು. ಆಮೇಲೆ ನಿನ್ನ ಕಾರಿನ ಕೆಳಗೆ ಹೋಗಿ ಟಾರ್ಚ್ ಬಿಟ್ಟೆ.

ನಿನ್ನ ಹೊಸ ಸ್ಪ್ರಿಂಗ್ ಸೆಟ್ಟಿನಲ್ಲಿ ತಿರುಪಿರುವ ದೊಡ್ಡ ಬಳೆಯೊಂದಿದೆಯಲ್ಲ, ತಿರುಗಿಸಿದರೆ ಕಾರು ಏರುವುದು, ಇನ್ನೊಂದು ಕಡೆ ತಿರುಗಿಸಿದರೆ ಇಳಿಯುವುದು, ಅದರ ಮೇಲಿನ ತಿರುಪಿನ ಸುತ್ತುಗಳೆಲ್ಲ ಧೂಳು ಹಿಡಿದಿರಬೇಕಿತ್ತು. ಮೂರು ಬೆರಳಗಲ ಪಳಪಳ ಹೊಳೆಯುತ್ತಿತ್ತು. ಅಷ್ಟೇ ಅಲ್ಲ, ತೆಳ್ಳಗೆ ಗ್ರೀಸ್ ಸವರಿತ್ತು. ಇಳಿಸುವಾಗ ಅದೇ ಜಾಗಕ್ಕೆ ಬರಲೆಂದು ಬಿಳಿ ಬಣ್ಣದಲ್ಲಿ ಒಂದು ಗೆರೆ. ಸೈಕಲ್ಲಿನ ಚೈನಿಗೂ ಎಣ್ಣೆ ಬಿಡದ ನೀನು ಗ್ರೀಸ್ ಸವರಿದೆ ಎಂದರೆ ನಾನು ನಂಬಬೇಕೇ? ಯಾರೋ ಕೈಬಲ್ಲವನು ಕಾರನ್ನು ಮತ್ತೆ ಮತ್ತೆ ಏರಿಸಿ, ಎಲ್ಲೋ ಓಡಿಸಿ, ಮತ್ತೆ ಇಳಿಸಿ, ಏನೂ ಆಗಿಲ್ಲವೆಂಬಂತೆ ನಿನ್ನ ಕೈಗೆ ಕೊಡುತ್ತಿದ್ದ. ಒಳಗೆ ಇಣುಕಿದೆ. ಪಕ್ಕದ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ನಿನ್ನ ಹೆಂಡತಿ ಗಿಡ್ಡಿ, ಸೀಟನ್ನು ಮುಂದಕ್ಕೆಳೆದುಕೊಂಡು ಕೂರುವವಳು. ನನ್ನ ಕಿವಿ ನೆಟ್ಟಗಾಯಿತು.

ನೀನು ಸ್ಟಿಯರಿಂಗ್ ಹಿಡಿದು ಬೊಂಬೆಯ ಹಾಗೆ ಕೂತಿದ್ದೆ. ನಾನು ಅಳತೆ ಯಂತ್ರದ ಪರದೆಯ ಮುಂದೆ ನಿಂತು, ಬೇಕೆಂದೇ ಸಾದಾ ದನಿಯಲ್ಲಿ, "ಪಕ್ಕದ ಸೀಟಲ್ಲಿ ಯಾರು ಕೂರ್ತಾರೋ?" ಎಂದೆ. "ಯಾರೂ ಇಲ್ವಲ್ಲ" ಎಂದೆ ನೀನು. ಬಾಯಿ ಸರಿಯಾಗಿಯೇ ಹೇಳಿತು. ಆದರೆ ನಿನ್ನ ಸೊಂಟ ಅತ್ತ ಸರಿಯಿತು, ಪರದೆಯ ಮೇಲೆ ಎಡ ಚಕ್ರದ ಅಂಕಿ ಅಲುಗಿತು. "ಅಲುಗಬೇಡ" ಎಂದು ಗದರಿದೆ. ಅಂಕಿ ನಿಂತಿತು. ಮತ್ತೆ ಕೇಳಿದೆ, ಮತ್ತೆ ಅಲುಗಿತು. ಹೆಚ್ಚೇನೂ ಕೇಳದೆ ಕೆಲಸ ಮುಗಿಸಿ ಕಳಿಸಿದೆ. ನೀನು ಬಚಾವಾದೆ ಎಂದುಕೊಂಡು ಶಿಳ್ಳೆ ಹಾಕಿಕೊಂಡು ಹೋದೆ.

ಆ ವಾರವೆಲ್ಲ ನಾನು ಏನೇನು ಯೋಚಿಸಿದೆ ಎಂದು ಬರೆದರೆ ನಿನಗೆ ನಗು ಬರುತ್ತದೆ, ಆದರೆ ನನಗೆ ಅನ್ನ ಇಳಿದಿರಲಿಲ್ಲ. ನೀನು ಯಾವಳನ್ನೋ ಕೂರಿಸಿಕೊಂಡು ತಿರುಗುತ್ತಿದ್ದೀಯ ಎಂದುಕೊಂಡೆ. ಕಾಲು ಉದ್ದದವಳು, ಸೀಟು ಹಿಂದಕ್ಕೆ ಬೇಕಾದವಳು! ಮರುದಿನ ಕುಕ್ಕರಿನ ರಬ್ಬರಿನ ನೆಪ ಮಾಡಿ ನಿನ್ನ ಹೆಂಡತಿಗೆ ಫೋನು ಮಾಡಿದೆ. ಅವಳು ಪಾಪ, "ಅಯ್ಯೋ ಅಕ್ಕ, ಶನಿವಾರ ಅವರ ಕೈಲಿ ಕಾರೇ ಇರಲ್ಲ. ಬೆಳಿಗ್ಗೆ ಸ್ಪ್ರಿಂಗ್ ಅಂಗಡಿಗೆ ಬಿಟ್ಟು ಬಸ್ಸಲ್ಲಿ ಬರ್ತಾರೆ. ಹೊಸ ಸ್ಪ್ರಿಂಗ್ ಪಳಗೋವರೆಗೂ ಹೀಗೆ ನೋಡ್ತಾ ಇರ್ಬೇಕಂತೆ" ಎಂದಳು. ಸ್ಪ್ರಿಂಗ್ ಪಳಗುವುದಂತೆ! ಅದೇನು ಕುದುರೆಯೇ? ಆಗ ನನಗೆ ಎಲ್ಲ ಸ್ಪಷ್ಟವಾಯಿತು ಅಂದುಕೊಂಡೆ. ತಗ್ಗಪ್ಪ ನಿನ್ನಂಥ ಮೊದ್ದುಗಳ ಕಾರನ್ನು ಶನಿವಾರ ಶನಿವಾರ ಬಾಡಿಗೆಗೆ ಓಡಿಸುತ್ತಿದ್ದಾನೆ. ಟೈರು ಸವೆದಾಗ 'ಆ ಹೆಂಗಸಿನ ಅಲೈನ್‌ಮೆಂಟೇ ಸರಿಯಿಲ್ಲ' ಎಂದು ಊರೆಲ್ಲ ಹೇಳಿ ನನ್ನ ಗಿರಾಕಿಗಳನ್ನು ಎಳೆದುಕೊಳ್ಳುತ್ತಿದ್ದಾನೆ. ಅಪ್ಪ ಕಟ್ಟಿದ ಹೆಸರು, ನಾನು ಉಳಿಸಿಕೊಂಡು ಬಂದ ಹೆಸರು.

ಹೋದ ಶನಿವಾರ ಬೆಳಿಗ್ಗೆ ಶೆಡ್ಡಿಗೆ ಬೀಗ ಹಾಕಿದೆ. ಅಮ್ಮ ಕನ್ನಡಿಯ ಮುಂದೆ ಕೂದಲು ಬಾಚಿಕೊಳ್ಳುತ್ತಿದ್ದಳು. ಶನಿವಾರ ಅವಳು ಹಳೆಯ ಗೆಳತಿಯ ಮನೆಗೆ ಹೋಗುವ ದಿನ. ಗೆಳತಿಗೆ ಕಣ್ಣು ಮಂಜಾಗಿದೆ, ಪೇಪರ್ ಓದಿ ಹೇಳಿ ಸಂಜೆಗೆ ಬರುತ್ತೇನೆ ಎನ್ನುತ್ತಿದ್ದಳು. ಈ ಭೂಮಿಯ ಮೇಲೆ ನಾನು ಅನುಮಾನಿಸದೇ ಇದ್ದ ಜೀವ ಅದೊಂದೇ. "ಎಲ್ಲಿಗೆ ಹೊರಟೆಯೇ?" ಎಂದಳು. "ಟೈರು ತರೋಕೆ" ಎಂದೆ. ಇಬ್ಬರೂ ಸುಳ್ಳು ಹೇಳಿ ಒಂದೇ ಬಾಗಿಲಿನಿಂದ ಹೊರಟಿದ್ದೆವು, ನಾನು ಸ್ವಲ್ಪ ಮುಂಚೆ.

ಅವನ ಅಂಗಡಿ ನಾನು ಊಹಿಸಿದ ಹಾಗಿರಲಿಲ್ಲ. ಗೋಡೆಗೆ ಸ್ಪ್ರಿಂಗುಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ತೂಗುಹಾಕಿದ್ದ. ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಇರಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ನಿನ್ನ ಕಾರು ಗೂಟಗಳ ಮೇಲೆ ನಿಂತಿತ್ತು, ಅದರ ಕೆಳಗಿನಿಂದ ಎರಡು ಉದ್ದನೆಯ ಕಾಲು ಹೊರಗೆ ಚಾಚಿದ್ದವು. ನಾನು ಆ ಕಾಲುಗಳಿಗೇ ಕೇಳಿದೆ. "ನನ್ನ ಅಲೈನ್‌ಮೆಂಟ್ ಕೆಡಿಸ್ತಾ ಇರೋದು ನೀವೇನಾ?" ಗಾಲಿ ಹಲಗೆಯ ಮೇಲೆ ಸರ್ರೆಂದು ಹೊರಗೆ ಬಂದ. ಅರವತ್ತು ದಾಟಿದ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿದ, ಬಡಕಲು ಮನುಷ್ಯ. ನನ್ನನ್ನು ನೋಡಿ, "ಹೌದಮ್ಮ, ನಾನೇ" ಎಂದ.

ಇಲ್ಲ ಎನ್ನುತ್ತಾನೆ, ಆಗ ಹೀಗೆ ಬೈಯಬೇಕು, ಹಾಗೆ ಬೈಯಬೇಕು ಎಂದು ದಾರಿಯುದ್ದಕ್ಕೂ ಸಿದ್ಧವಾಗಿ ಬಂದಿದ್ದವಳು "ಯಾಕೆ?" ಎಂದಷ್ಟೇ ಕೇಳಿದೆ. "ತಗ್ಗಿದ್ರೆ ಅವರಿಗೆ ಕೂರೋಕಾಗಲ್ಲ. ಮಂಡಿ ಮಡಚಲ್ಲ. ಕಾಲು ಚಾಚ್ಕೊಂಡೇ ಕೂರ್ಬೇಕು" ಎಂದ. ಮಂಡಿ ಎಂಬ ಪದ ಕಿವಿಗೆ ಬಿದ್ದಾಗಲೂ ನನಗೆ ಹೊಳೆಯಲಿಲ್ಲ ನೋಡು, ಅಷ್ಟು ದಡ್ಡಿ ನಾನು. "ಯಾರಿಗೆ?" ಎಂದೆ. ಅವನು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ನಿಮಗೆ ಇನ್ನೂ ಹೇಳಿಲ್ವಾ?" ಎಂದು ನನ್ನನ್ನೇ ಕೇಳಿದ. ಆ ಮುಖದಲ್ಲಿ ಕಳ್ಳತನ ಹುಡುಕಿದೆ ಮೊದ್ದು, ಸತ್ಯವಾಗಿ ಹುಡುಕಿದೆ. ಅಲ್ಲಿದ್ದದ್ದು ಬರೀ ಸಂಕಟ.

ಅಮ್ಮನೇ ಮೊದಲು ಬೈಯಲು ಬಂದದ್ದಂತೆ! ನಿನ್ನ ಮೊದಲ ಟೈರಿನಲ್ಲಿ ತಂತಿ ಇಣುಕಿದ್ದನ್ನು ನಾನು ಮನೆಯಲ್ಲಿ ಕೂಗಾಡಿದೆನಲ್ಲ, ಅದರ ಮರುದಿನವೇ. "ನನ್ನ ಮಗ ಸಾಯ್ಲಿ ಅಂತಾನಾ ಇದನ್ನ ಮಾಡಿಕೊಟ್ಟಿದ್ದು ಅಂತ ಕೇಳಿದ್ರು. ಅಲೈನ್‌ಮೆಂಟ್ ಮಾಡ್ಸು ಅಂತ ಹೇಳಿದ್ದೆ, ಆದ್ರೂ ತಪ್ಪು ನಂದೇ, ಮಾಡ್ಸಿದ್ದಾನಾ ಅಂತ ಮತ್ತೆ ಕೇಳ್ಬೇಕಿತ್ತು. ಅವರು ಬೈದು ಮುಗಿಸೋ ಹೊತ್ತಿಗೆ ತರಿಸಿದ್ದ ಟೀ ಆರಿಹೋಗಿತ್ತು. ಇನ್ನೊಂದು ತರಿಸ್ದೆ" ಎಂದ. ಅಷ್ಟೇ. ಆ ಎರಡನೇ ಟೀಯಿಂದ ಶುರುವಾದದ್ದು. ಅಣೆಕಟ್ಟಿನವರೆಗೆ ಹೋಗುತ್ತಾರಂತೆ, ನೀರು ನೋಡುತ್ತ ಕೂರುತ್ತಾರಂತೆ, ಬರುತ್ತಾರಂತೆ. "ನಿಮ್ಮದೇ ಕಾರು ಇಲ್ವಾ?" ಎಂದು ಕೇಳಿದೆ. ಆ ಸ್ಥಿತಿಯಲ್ಲೂ ನನ್ನ ಅನುಮಾನ ಸತ್ತಿರಲಿಲ್ಲ. ಮೂಲೆಗೆ ಕೈ ತೋರಿಸಿದ. ಅಂಗಡಿಗೆ ಬಂದವರು ನೋಡಲೆಂದು ಸ್ಪ್ರಿಂಗನ್ನೇ ಕತ್ತರಿಸಿ ನೆಲಕ್ಕೆ ಅಂಟಿಸಿದ ಹಳೆಯ ಕಾರೊಂದು ಅಲ್ಲಿತ್ತು. "ಅದು ಇಳಿದಿದ್ದು ಇಳಿದಿದ್ದೇ, ಇನ್ನು ಏರಲ್ಲ" ಎಂದ.

"ಇದನ್ನಾದ್ರೂ ಏರಿಸಿದ ಹಾಗೇ ಬಿಡ್ಬಹುದಲ್ಲ?" ಎಂದೆ. "ನಿಮ್ಮ ತಮ್ಮನಿಗೆ ಸೋಮವಾರ ಆಫೀಸಿಗೆ ತಗ್ಗಿರ್ಬೇಕಂತಲ್ಲ" ಎಂದು ನಕ್ಕ. ಥೂ, ನಿನ್ನ ಶೋಕಿಗಿಷ್ಟು ಬೆಂಕಿ ಬೀಳ! ಬೆಳಿಗ್ಗೆ ಒಂದು ಗಂಟೆ ಏರಿಸಲು, ಸಂಜೆ ಒಂದು ಗಂಟೆ ಇಳಿಸಲು. ಮಂಡಿ ಮಡಚಲಾಗದ ನನ್ನ ಅಮ್ಮ ಸುಖವಾಗಿ ಕೂರಲೆಂದು ಒಬ್ಬ ಮನುಷ್ಯ ಪ್ರತಿ ಶನಿವಾರ ತಣ್ಣನೆಯ ನೆಲದ ಮೇಲೆ ಎರಡು ಸಲ ಮಲಗುತ್ತಿದ್ದ. ನಾನು ಅವಳ ಜೊತೆ ಒಂದೇ ಮನೆಯಲ್ಲಿದ್ದೇನೆ, ಔಷಧಿ ತಂದುಕೊಡುತ್ತೇನೆ, ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಆ ಕ್ಷಣಕ್ಕೆ ಆದ ಹೊಟ್ಟೆಕಿಚ್ಚನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಅಪ್ಪನ ಜಾಗಕ್ಕೆ ಒಬ್ಬ ಬಂದನಲ್ಲ ಎಂದು ಉರಿಯಿತು, ನನ್ನ ಜಾಗಕ್ಕೂ ಬಂದನಲ್ಲ ಎಂದು ಅದಕ್ಕಿಂತ ಹೆಚ್ಚು ಉರಿಯಿತು.

"ಮದುವೆ ಅಂತ ಏನಾದ್ರೂ ಇದೆಯಾ?" ಎಂದು ಒರಟಾಗಿಯೇ ಕೇಳಿದೆ. ಅವನು ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡ. "ನಾನು ಕೇಳ್ದೆ. ಮಗಳು ಹೂಂ ಅನ್ನೋವರೆಗೂ ಇಲ್ಲ ಅಂದ್ರು. ಹಾಗಾದ್ರೆ ಮಗಳನ್ನ ಕೇಳಿ ಅಂದೆ. ಧೈರ್ಯ ಇಲ್ಲ ಅಂದ್ರು. ನಾನು ಬಂದು ಕೇಳ್ಲಾ ಅಂದ್ರೆ ಬೇಡವೇ ಬೇಡ ಅಂತಾರೆ. ನನಗೂ ವಯಸ್ಸಾಯ್ತಮ್ಮ. ತಂಗಿ ಅವಳ ಊರಿಗೆ ಬಾ ಅಂತಿದ್ದಾಳೆ. ಮುಂದಿನ ತಿಂಗಳು ಅಂಗಡಿ ಮುಚ್ಚಿ ಹೋಗೋಣ ಅಂತಿದ್ದೀನಿ. ಇಲ್ಲಿ ಇರೋಕೂ ಒಂದು ಕಾರಣ ಬೇಕಲ್ಲ" ಎಂದ. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ, ಯಾವುದೋ ಗಾಡಿಯ ವಿಷಯ ಹೇಳುವ ಹಾಗೆ ಹೇಳಿದ.

ಅಷ್ಟರಲ್ಲಿ ಬಸ್ಸು ನಿಂತ ಸದ್ದಾಯಿತು. ಅವನು ಆ ಕಡೆ ನೋಡಿದ, ನನ್ನನ್ನು ನೋಡಿದ. ನಾನು ಏನು ಮಾಡಿದೆ ಗೊತ್ತೇ? ಊರಿಗೆಲ್ಲ ಜೋರು ಮಾಡುವ ನಿನ್ನ ಅಕ್ಕ ಹಳೆಯ ಟೈರುಗಳ ಗುಡ್ಡೆಯ ಹಿಂದೆ ಹೋಗಿ ಬಚ್ಚಿಟ್ಟುಕೊಂಡಳು. ಅಮ್ಮ ಬಂದಳು. ಒಳಗೆ ಬರುವ ಮೊದಲು ಅಂಗಡಿಯ ಗಾಜಿನಲ್ಲಿ ಮುಖ ನೋಡಿ ಕೂದಲು ಸರಿಮಾಡಿಕೊಂಡಳು. "ಇನ್ನೂ ಏರಿಲ್ವಾ? ನಿದ್ದೆ ಮಾಡ್ತಿದ್ರಾ?" ಎಂದು ಗದರಿದಳು. ಅವನು ಕೆಳಗೆ ಹೋಗಿ ಉಳಿದದ್ದನ್ನು ಮುಗಿಸಿದ, ನಾನಿರುವುದನ್ನು ಹೇಳಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡ. ಅಮ್ಮ ಮೊದಲು ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು. ಅವನೇನೋ ಅಂದ, ಅವಳು ನಕ್ಕಳು. ಅಪ್ಪ ಹೋದ ಮೇಲೆ ಆ ನಗು ನಮ್ಮ ಮನೆಯಲ್ಲಿ ಕೇಳಿಲ್ಲ ಕಣೋ. ಅಪ್ಪ ಇದ್ದಾಗಲಾದರೂ ಕೇಳಿದ್ದೆನೇ ಎಂದು ಟೈರುಗಳ ಹಿಂದೆ ಕೂತು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ಕೂತಿದ್ದು, ಆಮೇಲೆ ಮೂಗು ಒರೆಸಿಕೊಂಡು ನಡೆದೇ ಮನೆಗೆ ಬಂದೆ.

ದಾರಿಯಲ್ಲಿ ನಡೆಯುವಾಗ ನನಗೆ ಮತ್ತೊಂದು ಅನುಮಾನ ಬಂತು. ಊರಿನಲ್ಲಿ ಅಲೈನ್‌ಮೆಂಟ್ ಮಾಡುವವರು ನಾನೊಬ್ಬಳೇ ಅಲ್ಲ. ಗುಟ್ಟು ಕಾಪಾಡಬೇಕೆಂದಿದ್ದರೆ ಆ ಟೈರುಗಳನ್ನು ನೀನು ಇನ್ನಾವ ಅಂಗಡಿಗಾದರೂ ಒಯ್ಯಬಹುದಿತ್ತು. ಕೈ ಆಡಿಸಿದರೆ ಎಲ್ಲ ತಿಳಿದುಬಿಡುವ ನನ್ನ ಹತ್ತಿರವೇ ಯಾಕೆ ತಂದೆ? ನಿನಗೆ ಅಷ್ಟು ತಲೆ ಓಡುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡ, ನಿಜ ಹೇಳುತ್ತಿದ್ದೇನೆ. ಹಾಗಾದರೆ ಯಾರ ತಲೆ? ಟೈರಿನ ಮೇಲೆ ಅಂಗೈ ಎಳೆದು ಸವೆತ ಓದುವುದನ್ನು ನನಗೆ ಹೇಳಿಕೊಟ್ಟದ್ದು ಅಪ್ಪನಲ್ಲ, ಅಮ್ಮ. ಅಪ್ಪನಿಗೆ ಹೇಳಿಕೊಡುವ ತಾಳ್ಮೆ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಅವಳು ನನ್ನ ಕೈ ಹಿಡಿದು ಹಳೆಯ ಟೈರಿನ ಮೇಲೆ ಎಳೆಸುತ್ತ, "ಈ ಕಡೆಯಿಂದ ಎಳಿ, ಈಗ ಆ ಕಡೆಯಿಂದ ಎಳಿ. ಚುಚ್ಚುತ್ತಾ? ಹಾಗಾದ್ರೆ ಈ ಗಾಡಿ ಎಲ್ಲೋ ಸೊಟ್ಟಗೆ ಹೋಗಿದೆ" ಎನ್ನುತ್ತಿದ್ದಳು. ಅಂಥವಳಿಗೆ, ಏರಿಸಿ ಇಳಿಸುವ ಕಾರಿನ ಟೈರಿನ ಮೇಲೆ ಏನು ಬರೆದಿರುತ್ತದೆ ಎಂದು ಗೊತ್ತಿಲ್ಲವೇ? "ಟೈರು ಸದ್ದು ಮಾಡ್ತಿದ್ರೆ ಅಕ್ಕನ ಹತ್ರಾನೇ ತಗೊಂಡು ಹೋಗು" ಎಂದು ನಿನಗೆ ಹೇಳಿದ್ದು ಅವಳೇ ತಾನೇ? ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲದವಳು, ನಾನು ಓದಲೆಂದು ಕಳಿಸಿದ್ದಾಳೆ. ಮಗಳನ್ನು ಒಂದು ಮಾತು ಕೇಳಲು ನನ್ನ ಅಮ್ಮನಿಗೆ ಇಷ್ಟು ಸುತ್ತಿ ಬಳಸಿ ಬರಬೇಕಾಯಿತಲ್ಲ ಎಂದು ನನಗೆ ಬಹಳ ನೋವಾಯಿತು.

ಒಂದು ವಾರ ಹಿಂದೆಮುಂದೆ ನೋಡಿದೆ. ಇವತ್ತು ಮತ್ತೆ ಶನಿವಾರ, ಬೆಳಿಗ್ಗೆ ಅವಳು ಹೊರಡುವ ಮೊದಲು ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ಎಳೆದುಕೊಂಡೆ. ರಾತ್ರಿಯೆಲ್ಲ ಯೋಚಿಸಿ ಕೂಡಿಸಿಟ್ಟುಕೊಂಡಿದ್ದ ಒಳ್ಳೊಳ್ಳೆಯ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. "ನಾಳೆ ಅವರನ್ನ ಊಟಕ್ಕೆ ಬರೋಕೆ ಹೇಳು" ಎಂದೆ. ಅವಳು ತಲೆ ಎತ್ತದೆ, "ಯಾರನ್ನೇ?" ಎಂದಳು. "ಕಾರು ಏರಿಸಿ ಇಳಿಸೋರನ್ನ. ಅವರ ತಂಗಿ ಊರಿಗೆ ಹೋಗೋದು ಬೇಡ ಅಂತಾನೂ ಹೇಳು" ಎಂದೆ. ಅವಳ ಕೈ ನಿಂತಿತು. ನಾನು ಅವಳ ಮುಖ ನೋಡುವ ಧೈರ್ಯವಿಲ್ಲದೆ ಒಂದೇ ಕಾಯಿಯ ನಾರನ್ನು ಮೂರು ಸಲ ತೆಗೆದೆ. ಆಮೇಲೆ, ಹೊಸದಾಗಿ ಶಾಲೆಗೆ ಸೇರಿದ ಮಗುವಿನಂಥ ದನಿಯಲ್ಲಿ ಅವಳು, "ಅವರಿಗೆ ಖಾರ ಆಗಲ್ಲ ಕಣೆ" ಎಂದಳು.

ಮೊದ್ದು, ನಾಳೆ ಮಧ್ಯಾಹ್ನ ಹೆಂಡತಿಯನ್ನು ಕರೆದುಕೊಂಡು ಬಾ. ಪಕ್ಕದ ಬೀದಿಯ ಹುಡುಗನ ಕೈಯಲ್ಲಿ ಈ ಕಾಗದ ಕಳಿಸುತ್ತಿರುವುದು ಅದಕ್ಕೇ, ಸಿಗ್ನಲ್ ಇರಲಿಲ್ಲ ಎನ್ನುವಂತಿಲ್ಲ. ನಿನ್ನ ಕಾರು ಸೋಮವಾರದಿಂದ ಎತ್ತರದಲ್ಲೇ ಇರುತ್ತದೆ, ಆಫೀಸಿನವರು ಏನಾದರೂ ಅಂದುಕೊಳ್ಳಲಿ. ಆ ಮನುಷ್ಯನ ಬಗ್ಗೆ ನನ್ನ ವಿಚಾರಣೆ ಇನ್ನೂ ಮುಗಿದಿಲ್ಲ, ಊಟವಾದ ಮೇಲೆ ಅದೇ ಕಾರಿನ ಸೀಟಿನಲ್ಲಿ ಅವರನ್ನು ಕೂರಿಸಿ ಕೇಳುವುದು ಬೇಕಾದಷ್ಟಿದೆ. ಅವರು ಅಲುಗದಿದ್ದರೆ ಸಾಕು.

ನಿನ್ನ ಮನೆಯಲ್ಲಿ ನಗು ಇರಲಿ, ಅದನ್ನು ಯಾರಿಂದಲೂ ಬಚ್ಚಿಡುವ ಕಾಲ ನಿನಗೆ ಬಾರದಿರಲಿ.

ಇನ್ನು ಮುಂದೆಯೂ ನಿನ್ನ ಒಂದು ಮಾತನ್ನೂ ಪೂರ್ತಿ ನಂಬದ,
ನಿನ್ನ ಅಕ್ಕ